ಬೈಪ್ಲೇನ್ ಬಾಲಕ್ಕೆ ಭಾರ ಬೇಡ

ಮಾನ್ಯರೇ,

ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಕಟ್ಟುವ ಕೆಲವರು ನೇರವಾಗಿ ನಾಲ್ಕನೇ ಒಂದು ಅಳತೆಯ ಟೈಗರ್ ಮಾತ್‌ಗೆ ಕೈ ಹಾಕುತ್ತಾರೆ. ಇದು ಒಂದರ ಮೇಲೊಂದು ಎರಡು ರೆಕ್ಕೆಗಳಿರುವ ಹಳೆಯ ತರಬೇತಿ ವಿಮಾನ, ಅಂದರೆ ಬೈಪ್ಲೇನ್. 1931ರಲ್ಲಿ ಮೊದಲು ಹಾರಿದ ಮೂಲ ವಿಮಾನದ ರೆಕ್ಕೆಯ ಹರವು 8.94 ಮೀಟರ್, ಮಾದರಿಯದ್ದು ಸುಮಾರು 2.23. ತರಬೇತಿ ವಿಮಾನವಲ್ಲವೇ, ಸುಲಭವಿದ್ದೀತು ಎಂಬುದು ತಪ್ಪು ಲೆಕ್ಕ.

ಇದರ ಮೂತಿ ಗಿಡ್ಡ, ಬಾಲ ಉದ್ದ. ಬಾಲದಲ್ಲಿ ಹತ್ತು ಗ್ರಾಂ ಅಂಟು ಹೆಚ್ಚಾದರೆ ತೂಕ ಸರಿದೂಗಿಸಲು ಮೂತಿಗೆ ಮೂವತ್ತು ಗ್ರಾಂ ಸೀಸ ತುಂಬಬೇಕಾದೀತು. ಬಾಲಕ್ಕೆ ಹಗುರ ಬಾಲ್ಸಾ ಮರ ಆರಿಸಿ, ಬ್ಯಾಟರಿಯನ್ನು ಆದಷ್ಟೂ ಮುಂದಕ್ಕೆ ಕೂರಿಸಿ.

ರೆಕ್ಕೆಗಳ ನಡುವಿನ ತಂತಿ ಅಲಂಕಾರವಲ್ಲ. ಆದರೆ ವೀಣೆಯ ತಂತಿಯಂತೆ ಬಿಗಿದರೆ ರೆಕ್ಕೆಯೇ ತಿರುಚುತ್ತದೆ. ಎಡ, ಬಲ ರೆಕ್ಕೆಗಳು ಗಾಳಿಗೆ ಎದುರಾಗುವ ಕೋನವನ್ನು ತಂತಿ ಬಿಗಿಯುವ ಮುನ್ನ ಒಮ್ಮೆ, ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಅರ್ಧ ಡಿಗ್ರಿ ವ್ಯತ್ಯಾಸವಿದ್ದರೂ ಸಡಿಲಿಸಿ ಸರಿಪಡಿಸಿ.

ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿ ಅಂಚಿನ ಫಲಕವಾದ ಏಲೆರಾನ್ ಇರುವುದು ಕೆಳರೆಕ್ಕೆಯಲ್ಲಿ ಮಾತ್ರ. ಎಡಕ್ಕೆ ವಾಲಿಸಿದಾಗ ಬಲಗಡೆ ಕೆಳಗಿಳಿದ ಏಲೆರಾನ್ ಗಾಳಿಗೆ ಅಡ್ಡಬಂದು ಮೂತಿಯನ್ನು ಬಲಕ್ಕೇ ಎಳೆಯುತ್ತದೆ. ಅದಕ್ಕೇ ಏಲೆರಾನ್ ಮೇಲಕ್ಕೆ 20 ಮಿ.ಮೀ. ಚಲನೆ ಇಟ್ಟರೆ ಕೆಳಕ್ಕೆ ಏಳೆಂಟು ಸಾಕು. ಜೊತೆಗೆ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕ) ಕೊಡಲೇಬೇಕು. ಹೆಬ್ಬೆರಳಿಗೆ ಈ ಅಭ್ಯಾಸ ಆಗುವವರೆಗೆ ರಡ್ಡರನ್ನು ಟ್ರಾನ್ಸ್‌ಮಿಟರ್‌ನಲ್ಲೇ ಏಲೆರಾನ್ ಜೊತೆ ಬೆರೆಸಿಕೊಂಡರೆ ನಾಚಿಕೆಯೇನಿಲ್ಲ.

ಹೆಚ್ಚಿನವು ಮುರಿಯುವುದು ಇಳಿಯುವಾಗ. ಎರಡು ರೆಕ್ಕೆ, ಕಂಬ, ತಂತಿ ಎಲ್ಲವೂ ಗಾಳಿಗೆ ತಡೆಯೇ. ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಥ್ರಾಟಲನ್ನು ಪೂರ್ತಿ ಇಳಿಸಿದೊಡನೆ ವೇಗ ಸತ್ತು ವಿಮಾನ ಧೊಪ್ಪನೆ ಬೀಳುತ್ತದೆ. ಚಕ್ರ ನೆಲ ಮುಟ್ಟುವವರೆಗೂ ಎಂಜಿನ್ ಸ್ವಲ್ಪ ತಿರುಗುತ್ತಲೇ ಇರಲಿ.

— ಮಾದರಿ ವಿಮಾನ ಹವ್ಯಾಸಿಗಳು, ಬೆಂಗಳೂರು