ಮೇಕೆ ತಲೆಯ ವಿಗ್ರಹ, ಅಮ್ಮನ ಭಯ

ಮಾಲ್ಡನ್, ಮ್ಯಾಸಚೂಸೆಟ್ಸ್
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ.

ಫೋನಿನಲ್ಲಿ ಹೇಳೋಣ ಅಂದ್ರೆ ಅಮ್ಮ ಬಾಯಿ ತೆರೆಯಲು ಬಿಡಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀವು ಓದಿ, ಅವಳ ಕೋಪ ಇಳಿದಿರುವ ಹೊತ್ತು ನೋಡಿ ಹೇಳಿ.

ಫ್ಯಾಮಿಲಿ ಗ್ರೂಪಿಗೆ ಆ ಫೋಟೊ ಹಾಕಿದ್ದು ನನ್ನ ತಪ್ಪು. ಕೆಳಗೆ ಎರಡು ಸಾಲು ಬರೆಯಬೇಕಿತ್ತು. ಮೇಕೆ ತಲೆ, ಬೆನ್ನಿಗೆ ರೆಕ್ಕೆ, ಪಕ್ಕದಲ್ಲಿ ಹಲ್ಲು ಕಿರಿಯುತ್ತಾ ನಾನು. ಅಮ್ಮ ಹೆದರದೆ ಏನು ಮಾಡ್ತಾಳೆ? "ಸೇಲಂಗೆ ಹೋಗಿದ್ವಿ" ಅಂದದ್ದಕ್ಕೆ ಚಿಕ್ಕಮ್ಮ "ತಮಿಳುನಾಡಿಗೆ ಯಾವಾಗ ಬಂದ್ರಿ" ಅಂತ ಬೇರೆ ಕೇಳಿದರು. ಇದು ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಸೇಲಂ. ಜೆರುಸಲೇಂ ಎನ್ನುವ ಹೆಸರಿನ ಬಾಲ.

1692ರಲ್ಲಿ ಇಲ್ಲಿ ಮಾಟಗಾತಿಯರು ಎಂದು ಹೇಳಿ 19 ಜನರನ್ನು ನೇಣಿಗೆ ಹಾಕಿದರು. ಗಂಡಸರೂ ಇದ್ದರು. ಇನ್ನೊಬ್ಬ ಮುದುಕನ ಎದೆ ಮೇಲೆ ಕಲ್ಲು ಹೇರಿ ಹೇರಿ ಸಾಯಿಸಿದರು. ಅವರ ನೆನಪಿಗೆ ಒಂದು ಗೋಡೆಗೆ ಸಾಲಾಗಿ ಕಲ್ಲಿನ ಬೆಂಚುಗಳನ್ನು ಕೂರಿಸಿದ್ದಾರೆ. ಒಂದೊಂದರ ಮೇಲೆ ಒಂದೊಂದು ಹೆಸರು, ಸತ್ತ ದಿನ, ಹೇಗೆ ಕೊಂದರು ಅನ್ನುವುದು. ಯಾರೋ ಹೂವಿಟ್ಟು ಹೋಗಿದ್ದರು. ಪುಟ್ಟಿ ಕಾಲು ನೋಯುತ್ತೆ ಅಂತ ಕೂರಲು ಹೋದಳು, ಹೆಸರು ಓದಿ ಸುಮ್ನೆ ಎದ್ದುಬಿಟ್ಟಳು.

ಅದೇ ಊರಲ್ಲಿ "ಸಟಾನಿಕ್ ಟೆಂಪಲ್" ಎಂಬವರ ಮುಖ್ಯ ಕಚೇರಿ ಇದೆ. ಹಿಂದೆ ಹೆಣಗಳನ್ನು ಸಿಂಗರಿಸಿ ಸಂಸ್ಕಾರಕ್ಕೆ ಅಣಿ ಮಾಡುತ್ತಿದ್ದ ಹಳೇ ಮನೆ ಅದು. ಈಗ ಒಳಗೆ ಗ್ಯಾಲರಿ, ಅಂಗಡಿ, ಆ ವಿಗ್ರಹ. ಹೆಸರು ಬ್ಯಾಫೊಮೆಟ್. ಎಂಟೂವರೆ ಅಡಿ ಎತ್ತರದ ಕಂಚು. ಎರಡೂ ಕಡೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಮುಖವೆತ್ತಿ ಅದನ್ನೇ ನೋಡುತ್ತಾ ನಿಂತಿದ್ದಾರೆ. ಮೇಕೆಗಿಂತ ಆ ಮಕ್ಕಳ ಮುಖ ನೋಡಿದರೇ ನನಗೆ ಒಂಥರಾ ಆಯಿತು. ಹಾಗೆ ಆಗಲಿ ಅಂತಲೇ ಮಾಡಿರುವುದು, ಬಿಡಿ.

ಅಮ್ಮನಿಗೆ ಮೊದಲು ಹೇಳಬೇಕಾದದ್ದು: ಇವರು ಸೈತಾನನನ್ನು ಪೂಜಿಸುವುದಿಲ್ಲ. ಸೈತಾನ ಇದ್ದಾನೆ ಎಂದೇ ನಂಬುವುದಿಲ್ಲ, ದೇವರನ್ನೂ ನಂಬುವುದಿಲ್ಲ. ದೊಡ್ಡ ಯಜಮಾನನಿಗೆ ಎದುರು ನಿಂತವನು ಎಂದು ಆ ಕಥೆಯ ಪಾತ್ರವನ್ನು ತಮ್ಮ ಗುರುತಾಗಿ ಇಟ್ಟುಕೊಂಡಿದ್ದಾರೆ, ಅಷ್ಟೆ. ಶುರುವಾಗಿದ್ದು 2013ರ ಹೊತ್ತಿಗೆ. ಲೂಸಿಯನ್ ಗ್ರೀವ್ಸ್, ಮಾಲ್ಕಂ ಜ್ಯಾರಿ ಎಂಬಿಬ್ಬರು ಕಟ್ಟಿದ್ದು, ಎರಡೂ ಇಟ್ಟುಕೊಂಡ ಹೆಸರುಗಳೇ. ಏಳು ಸೂತ್ರ ಇವೆ. ಎಲ್ಲ ಜೀವಿಗಳ ಮೇಲೂ ಕರುಣೆ ಇರಲಿ ಅನ್ನುವುದು ಮೊದಲನೆಯದು. ನಿನ್ನ ದೇಹ ನಿನ್ನದು ಅನ್ನುವುದು ಇನ್ನೊಂದು. 2019ರಲ್ಲಿ ಇಲ್ಲಿನ ತೆರಿಗೆ ಇಲಾಖೆಯೇ ಇವರನ್ನು ಚರ್ಚ್ ಎಂದು ಒಪ್ಪಿಕೊಂಡಿತು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ "ಚರ್ಚ್ ಆಫ್ ಸೇಟನ್" ಬೇರೆ, ಇವರಿಬ್ಬರಿಗೂ ಆಗಿಬರುವುದಿಲ್ಲ.

ಆ ವಿಗ್ರಹದ ಕಥೆ ನಿಮಗೆ ಹಿಡಿಸುತ್ತದೆ ಅಪ್ಪ. ಒಕ್ಲಹೋಮ ರಾಜ್ಯದ ವಿಧಾನಸೌಧದ ಅಂಗಳದಲ್ಲಿ 2012ರಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳ ಕಲ್ಲು ನೆಟ್ಟರು. ಇವರು ಹೋಗಿ, "ಅದು ಸರ್ಕಾರಿ ಜಾಗ ಅಲ್ವಾ, ನಮ್ಮದನ್ನೂ ಪಕ್ಕದಲ್ಲಿ ಇಡಿ" ಎಂದು ಅರ್ಜಿ ಹಾಕಿದರು. ಅಲ್ಲಿಗೇ ನಿಲ್ಲಲಿಲ್ಲ. ರಾಜನ್ ಝೆಡ್ ಎಂಬ ಹಿಂದೂ ಪುರೋಹಿತರು "ಹಾಗಾದರೆ ಹನುಮಂತನಿಗೂ ಜಾಗ ಕೊಡಿ" ಅಂದರು! ಒಂದೇ ಕ್ಯೂನಲ್ಲಿ ಬ್ಯಾಫೊಮೆಟ್ ಮತ್ತು ನಮ್ಮ ಆಂಜನೇಯ. ಸರ್ಕಾರದವರು ಗಾಬರಿಯಾಗಿ ಯಾವ ಅರ್ಜಿಯೂ ಸದ್ಯಕ್ಕೆ ಬೇಡ ಎಂದು ಕೌಂಟರ್ ಮುಚ್ಚಿದರು. ಆಮೇಲೆ 2015ರಲ್ಲಿ, ಬೇರೆಯವರು ಹಾಕಿದ್ದ ಕೇಸಿನಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ಆ ಕಲ್ಲನ್ನೇ ತೆಗೆಯಿರಿ ಎಂದಿತು. ತೆಗೆದರು. ಆಗ ಇವರು ಏನಂದರು ಗೊತ್ತಾ? ಹಾಗಾದರೆ ನಮ್ಮದೂ ಬೇಡ ಅಂದರು. ಅಷ್ಟು ಖರ್ಚು ಮಾಡಿ ಎರಕ ಹೊಯ್ಸಿದ್ದ ವಿಗ್ರಹ!

ಇವರ ಪಟ್ಟೇ ಅದು. ಒಬ್ಬರಿಗೆ ಬಾಗಿಲು ತೆಗೆದರೆ ಎಲ್ಲರಿಗೂ ತೆಗೆ, ಇಲ್ಲವಾದರೆ ಎಲ್ಲರಿಗೂ ಮುಚ್ಚು. ಬಾಗಿಲಲ್ಲಿ ಇವರ ಮುಖ ಕಂಡರೆ ಮುಚ್ಚುವವರೇ ಜಾಸ್ತಿ. 2016ರಲ್ಲಿ ಫೀನಿಕ್ಸ್ ನಗರಸಭೆಯಲ್ಲಿ ಸಭೆಗೆ ಮುಂಚಿನ ಪ್ರಾರ್ಥನೆಯ ಸರದಿ ಇವರಿಗೆ ಬರುವುದಿತ್ತು. ನಗರಸಭೆಯವರು ಪ್ರಾರ್ಥನೆಯನ್ನೇ ತೆಗೆದು ಒಂದು ನಿಮಿಷ ಮೌನ ಎಂದು ಮಾಡಿಕೊಂಡರು. ಆಮೇಲೆ ಹಿಂಬಾಗಿಲಿನಿಂದ ಪ್ರಾರ್ಥನೆ ವಾಪಸ್ ಬಂತು, ಆದರೆ ಪೊಲೀಸ್ ಮತ್ತು ಅಗ್ನಿಶಾಮಕ ದಳದ ಪಾದ್ರಿಗಳಿಗೆ ಮಾತ್ರ.

ಗೆಲ್ಲುವುದೇ ಅಂತಲ್ಲ. ನಮ್ಮ ಪಕ್ಕದ ಬಾಸ್ಟನ್ ನಗರಸಭೆಯಲ್ಲಿ ಪ್ರಾರ್ಥನೆ ಮಾಡಲು ಬಿಡಿ ಎಂದು ಹಾಕಿದ ಕೇಸನ್ನು 2024ರಲ್ಲಿ ಮೇಲ್ಮನವಿಯಲ್ಲೂ ಸೋತರು. ಅದೇ ವರ್ಷ ಏಪ್ರಿಲ್‌ನಲ್ಲಿ ಒಕ್ಲಹೋಮದಿಂದ ಬಂದವನೊಬ್ಬ ಇದೇ ಸೇಲಂ ಮನೆಯ ಮುಂದೆ ಪೈಪ್ ಬಾಂಬ್ ಎಸೆದಿದ್ದ. ಯಾರಿಗೂ ಏನೂ ಆಗಲಿಲ್ಲ. ಈ ಎರಡು ಸಾಲು ಅಮ್ಮನಿಗೆ ಓದಬೇಡಿ.

ನಾನು ಯಾಕೆ ಹೋದೆ ಅಂದ್ರೆ, ಹೋದ ವರ್ಷ ಪುಟ್ಟಿಯ ಸ್ಕೂಲ್ ಬ್ಯಾಗಿನಲ್ಲಿ ಒಂದು ಹಸಿರು ಕಾಗದ ಬಂದಿತ್ತು. ಶಾಲೆ ಬಿಟ್ಟ ಮೇಲೆ ಅಲ್ಲೇ ಒಂದು ಕೊಠಡಿಯಲ್ಲಿ ಬೈಬಲ್ ಕ್ಲಬ್, ಹಾಡು, ಆಟ, ಬಿಸ್ಕತ್ತು. ಸರ್ಕಾರಿ ಶಾಲೆ ಅಪ್ಪ. ನಾನು ವಿಚಾರಿಸಿದೆ. ಕಾನೂನು ಪ್ರಕಾರ ಸರಿಯೇ ಅಂದರು. ಹೌದು, ಬೇರೆ ಕ್ಲಬ್ಬುಗಳಿಗೆ ಕೊಠಡಿ ಕೊಡುವ ಶಾಲೆ ಇಂಥ ಕ್ಲಬ್ಬಿಗೆ ಇಲ್ಲ ಅನ್ನುವಂತಿಲ್ಲ ಎಂದು 2001ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದೆ. ಪುಟ್ಟಿಗೆ ಬಿಸ್ಕತ್ತಿನ ಆಸೆ. ಅವಳ ಗೆಳತಿಯರೆಲ್ಲ ಹೋಗುತ್ತಿದ್ದರು. "ನಾವು ಯಾಕೆ ಬೇರೆ" ಎಂದು ರಾತ್ರಿ ಕೇಳಿದಳು, ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ.

ಆಗ ಓದುತ್ತಾ ಹೋದಾಗ ಸಿಕ್ಕಿದ್ದು ಇವರು. ಅದೇ ತೀರ್ಪನ್ನು ಹಿಡಿದುಕೊಂಡು 2016ರಿಂದ ಇವರೂ ಶಾಲೆಗಳಲ್ಲಿ ಕ್ಲಬ್ ಶುರು ಮಾಡಿದ್ದಾರೆ. ಸೈತಾನನ ಹೆಸರಿದ್ದರೂ ಒಳಗೆ ವಿಜ್ಞಾನ, ಒಗಟು, ಕಾಗದದ ಕೆಲಸ. ಬೈಬಲ್ ಕ್ಲಬ್ ಇರುವ ಶಾಲೆಯಲ್ಲೇ ಜಾಗ ಕೇಳುತ್ತಾರೆ. ಪೆನ್ಸಿಲ್ವೇನಿಯದ ಒಂದು ಕಡೆ ಶಾಲೆಯವರು ಆಗಲ್ಲ ಅಂದರು. 2023ರಲ್ಲಿ ಜಡ್ಜು ಕೊಡಲೇಬೇಕು ಅಂದರು. ಕೊನೆಗೆ ವಕೀಲರ ಖರ್ಚೆಂದು 2 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡರು.

ಪುಟ್ಟಿಯನ್ನು ಇವರ ಕ್ಲಬ್ಬಿಗೆ ಕಳಿಸ್ತೀನಾ? ಇಲ್ಲ. ವಿಚಾರವಾದಿ ಎಚ್ಚೆನ್ (ಎಚ್. ನರಸಿಂಹಯ್ಯ) ಅವರ ಭಾಷಣ ಕೇಳಲು ನೀವು ಬಸ್ ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದಿರಲ್ಲ, ಅವರು ನೇರ ಪ್ರಶ್ನೆ ಕೇಳುತ್ತಿದ್ದರು. ಇವರು ವೇಷ ಕಟ್ಟಿ ಕೇಳುತ್ತಾರೆ. ಕೊಂಬಿನ ಟೀ ಶರ್ಟು ಮಾರುವ ಅಂಗಡಿ ನೋಡಿದಾಗ ಪ್ರಚಾರದ ಚಪಲವೂ ಇದೆ ಅನ್ನಿಸಿತು. ಆದರೆ 2007ರಲ್ಲಿ, ಅದೇ ರಾಜನ್ ಝೆಡ್ ಅಮೆರಿಕದ ಸೆನೆಟ್‌ನಲ್ಲಿ ಮೊದಲ ಹಿಂದೂ ಪ್ರಾರ್ಥನೆಗೆ ನಿಂತಾಗ, ಮೇಲಿನ ಗ್ಯಾಲರಿಯಿಂದ ಮೂವರು ಕೂಗಿ ಅಡ್ಡಿಪಡಿಸಿದರು. ಝೆಡ್ ಹೇಳಹೊರಟಿದ್ದು ಗಾಯತ್ರಿಯ ಅರ್ಥ. ಆ ಮೂವರ ಕಣ್ಣಿಗೆ ಗಾಯತ್ರಿಗೂ ಈ ಮೇಕೆಗೂ ಏನು ವ್ಯತ್ಯಾಸ ಕಂಡಿರಬಹುದು ಹೇಳಿ.

ಅಮ್ಮನಿಗೆ ಇದೆಲ್ಲ ಬೇಡ ಅನ್ನಿಸಿದರೆ ಗೋದ್ರೇಜ್ ಬೀರುವಿನಲ್ಲಿರುವ ಹಳೇ ಆಲ್ಬಂ ತೆಗೆದು ತೋರಿಸಿ. ಚಾಮುಂಡಿ ಬೆಟ್ಟದ ಮಹಿಷಾಸುರ, ಒಂದು ಕೈಲಿ ಕತ್ತಿ, ಒಂದು ಕೈಲಿ ಹಾವು. ಅವನ ಕಾಲ ಬುಡದಲ್ಲಿ ನಾನು ಮತ್ತು ಅಣ್ಣ ಐಸ್‌ಕ್ಯಾಂಡಿ ತಿನ್ನುತ್ತಾ ನಿಂತಿದ್ದೇವೆ. ನಮ್ಮನ್ನು ಅಲ್ಲಿ ನಿಲ್ಲಿಸಿ "ನಗ್ರೋ" ಅಂದವಳು ಯಾರು, ಕೇಳಿ.

ನಮ್ಮ ಮನೆಯವರ ಬಿಪಿ ಮಾತ್ರೆ ಬದಲಾಗಿದೆ, ಈಗ ಪರವಾಗಿಲ್ಲ. ಹುಣಸೆ ತೊಕ್ಕು ತಲುಪಿತು, ಮುಚ್ಚಳ ಸ್ವಲ್ಪ ಸೋರಿತ್ತು, ರುಚಿಗೇನೂ ಮೋಸವಿಲ್ಲ. ನಿಮ್ಮ ಮಂಡಿ ನೋವಿಗೆ ಡಾಕ್ಟರ್ ಏನಂದರು, ಬರೆಯಿರಿ.

ಮತ್ತೆ, ಅಮ್ಮ ಹೇಳಿದ ಹಾಗೆ ಪುಟ್ಟಿಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೆ. ಒಲೆ ಮೇಲೆ ಸುಟ್ಟಾಗ ಘಾಟಿಗೆ ಸ್ಮೋಕ್ ಅಲಾರಂ ಬಡಿದುಕೊಂಡು, ಕೆಳಗಿನ ಮನೆಯ ಅಜ್ಜಿ ನೈಟಿಯಲ್ಲೇ ಮೇಲೆ ಓಡಿ ಬಂದರು. ಏನು ಮಾಡ್ತಿದ್ದೀರಿ ಅಂತ ಕೇಳಿದರು. ಅಡುಗೆ ಅಂದೆ.

ಇಂತಿ ನಿಮ್ಮ ಪ್ರೀತಿಯ ಮಗಳು