ಪಟ್ಟಿಯ ಬಣ್ಣ ನೋಡಿ ಸೋಡಾ ಕುಡಿಸಬೇಡಿ

ಮಾನ್ಯ ಸಂಪಾದಕರೇ,

ನಿಸರ್ಗ ಚಿಕಿತ್ಸೆಯ ಹೆಸರಿನಲ್ಲಿ ನಡೆಯುವ ಕೆಲವು ಶಿಬಿರಗಳಲ್ಲಿ ಈಗ ಒಂದೇ ಮಾತು: "ನಿಮ್ಮ ಮೈ ಆಮ್ಲ ಆಗೈತಿ, ಎಲುಬಿನ ಸುಣ್ಣ ಕರಗಾಕತ್ತೈತಿ." ಮುಂಜಾನೆಯ ಮೂತ್ರದಲ್ಲಿ ಆಮ್ಲ-ಕ್ಷಾರ ತೋರಿಸುವ ಬಣ್ಣದ ಕಾಗದದ ಪಟ್ಟಿ ಅದ್ದುತ್ತಾರೆ, ಅದು ಕಿತ್ತಳೆ-ಹಳದಿಗೆ ತಿರುಗುತ್ತದೆ, ಕುಂತವರು ಗಾಬರಿಯಾಗುತ್ತಾರೆ. ಮುಂದಿನ ಸಲಹೆ ಖಾಲಿ ಹೊಟ್ಟೆಗೆ ಒಂದು ಚಮಚ ಅಡುಗೆ ಸೋಡಾ, ಇಲ್ಲವೇ ಕ್ಷಾರೀಯ ನೀರಿನ ಬಾಟಲಿ. ಇದೇ ಕಸುಬಿನವರಾದ ನಾವು ಇದನ್ನು ಒಪ್ಪುವುದಿಲ್ಲ.

ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ರ ಕೆಳಗೆ ಆಮ್ಲ, ಮೇಲೆ ಕ್ಷಾರ) 7.35ರಿಂದ 7.45ರೊಳಗೇ ಇರಬೇಕು. ಮೂತ್ರದ್ದು 4.5ರಿಂದ 8ರವರೆಗೆ ಏರಿಳಿಯುವುದು ಸಹಜ. ಶ್ವಾಸಕೋಶ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕಿ ನಿಮಿಷಗಳಲ್ಲೇ ಸಮತೋಲ ತರುತ್ತದೆ. ಕಿಡ್ನಿ ಊಟದಿಂದ ಹುಟ್ಟಿದ ಆಮ್ಲವನ್ನು ಮೂತ್ರದಲ್ಲಿ ಕಳಿಸಿ, ಆಮ್ಲವನ್ನು ತಣಿಸುವ ಬೈಕಾರ್ಬೊನೇಟನ್ನು ಒಳಗೆ ಉಳಿಸಿಕೊಳ್ಳುತ್ತದೆ. ಹಾಗಾಗಿ ಪಟ್ಟಿ ಹಳದಿಯಾದರೆ ಕಸ ತಿಪ್ಪೆಗೆ ಹೋಗಿದೆ ಎಂದರ್ಥ, ಮನೆಯೊಳಗೆ ತುಂಬಿದೆ ಎಂದಲ್ಲ. ನಿದ್ದೆಯಲ್ಲಿ ಉಸಿರಾಟ ತುಸು ಇಳಿಯುವುದರಿಂದ ಮುಂಜಾನೆ ಈ ಬಣ್ಣ ಇನ್ನೂ ಸಾಮಾನ್ಯ. ಪಟ್ಟಿ ನೀಲಿಯಾಗಿ ಕ್ಷಾರ ತೋರಿಸಿದರೆ ಹಿಗ್ಗಬೇಕಾಗಿಯೂ ಇಲ್ಲ: ತಾಸುಗಟ್ಟಲೆ ಇಟ್ಟ ಮೂತ್ರದಲ್ಲಿ ಯೂರಿಯಾ ಅಮೋನಿಯಾ ಆಗಿ ನೀಲಿ ಬರುತ್ತದೆ, ಕೆಲವು ಸೋಂಕುಗಳಲ್ಲೂ ಬರುತ್ತದೆ. ಯೂರಿಕ್ ಆಮ್ಲದ ಕಿಡ್ನಿ ಹರಳು ಇರುವವರಿಗೆ ಈ ಪಟ್ಟಿ ನಿಜವಾಗಿ ಬೇಕು. ಔಷಧದ ಪ್ರಮಾಣ ಹೊಂದಿಸಲು ವೈದ್ಯರೇ ಅದನ್ನು ಕೊಡುತ್ತಾರೆ.

ಇನ್ನು ನೀರು. ಇಲ್ಲಿ ಪಿಎಚ್ ಬೇರೆ, ಕ್ಷಾರೀಯತೆ ಬೇರೆ ಎಂಬುದನ್ನು ಮಾರುವವರು ಮುಚ್ಚಿಡುತ್ತಾರೆ. ಪಿಎಚ್ 9 ಎಂದರೆ ಆಮ್ಲವನ್ನು ತಣಿಸುವ ಹೈಡ್ರಾಕ್ಸೈಡ್ ಲೀಟರಿಗೆ 0.01 ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ) ಅಷ್ಟೇ. 60 ಕಿಲೋ ತೂಕದವರ ಮೈಯಲ್ಲಿ ದಿನಕ್ಕೆ ಹುಟ್ಟುವ ಆಮ್ಲ ಸುಮಾರು 60 ಮಿಲಿಮೋಲ್. ಬರೀ ಆ ಪಿಎಚ್ ಬಲದಿಂದ ಅದನ್ನು ತಣಿಸಲು 6,000 ಲೀಟರ್ ಬೇಕು, ಐದು ಸಾವಿರ ಲೀಟರಿನ ಟ್ಯಾಂಕರೂ ಸಾಲದು! ಆಮ್ಲವನ್ನು ತಡೆದುಕೊಳ್ಳುವ ಶಕ್ತಿ, ಅಂದರೆ ಕ್ಷಾರೀಯತೆ, ಇರುವುದು ನೀರಿನ ಬೈಕಾರ್ಬೊನೇಟಿನಲ್ಲಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಸೂಚಿಸಿದ ಕ್ಷಾರೀಯತೆಯ ಮಿತಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಲೀಟರಿಗೆ 200 ಮಿ.ಗ್ರಾಂ, ಅಷ್ಟಿರುವ ಬೋರ್ ನೀರಿನಲ್ಲಿ ಲೀಟರಿಗೆ 4 ಮಿಲಿಮೋಲ್ ಬೈಕಾರ್ಬೊನೇಟ್ ಆಗುತ್ತದೆ, ಆ ಬಾಟಲಿಯ ಹೈಡ್ರಾಕ್ಸೈಡಿನ ನಾನೂರು ಪಟ್ಟು. ಪರೀಕ್ಷೆ ಸುಲಭ. ಬೋರ್ ನೀರು ಮತ್ತು ಆರ್‌ಓ ನೀರಿಗೆ ಪಿಎಚ್ ಏರಿಸಿ ಮಾಡಿದ ಬಾಟಲಿ ನೀರು, ಎರಡನ್ನೂ ಅರ್ಧ ಲೋಟ ತಗೊಂಡು ಪಿಎಚ್ ತೋರಿಸುವ ಬಣ್ಣದ ದ್ರವದ ಹನಿ ಹಾಕಿ. ಆಮೇಲೆ ಎರಡಕ್ಕೂ ಒಂದೊಂದೇ ಹನಿ ನಿಂಬೆರಸ ಬಿಡಿ. ಯಾವುದು ಮೊದಲು ಹಳದಿಯಾಗುತ್ತದೆ, ನೋಡಿ.

ಹಾಗೆಂದು ಬೋರ್ ನೀರೇ ಅಮೃತ ಎನ್ನುತ್ತಿಲ್ಲ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಭಾಗಗಳಲ್ಲಿ ಫ್ಲೋರೈಡ್ ಇದೆ. ಮೇಲಾಗಿ, ಕ್ಯಾಲ್ಸಿಯಂ ಕಡಿಮೆ ಇದ್ದು ಬೈಕಾರ್ಬೊನೇಟ್ ಹೆಚ್ಚಿರುವ ಕ್ಷಾರೀಯ ನೀರಿನಲ್ಲೇ ಕಲ್ಲಿನಿಂದ ಫ್ಲೋರೈಡ್ ಹೆಚ್ಚು ಬಿಡುತ್ತದೆ. ಲೀಟರಿಗೆ 1.5 ಮಿ.ಗ್ರಾಂ ದಾಟಿದರೆ ಆರ್‌ಓ ಇಲ್ಲವೇ ಫ್ಲೋರೈಡ್ ತೆಗೆಯುವ ಬೇರೆ ವಿಧಾನ ಬೇಕೇ ಬೇಕು, ಆದರೆ ಆರ್‌ಓದಲ್ಲಿ ಫ್ಲೋರೈಡಿನ ಜೊತೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ ಹೋಗುತ್ತವೆ. ಹೋದದ್ದನ್ನು ತಾಟಿನಿಂದ ತುಂಬಿಕೊಳ್ಳಬೇಕು.

ತಾಟಿನ ಲೆಕ್ಕ ಹೀಗಿದೆ. ವಯಸ್ಕರಿಗೆ ದಿನಕ್ಕೆ 1,000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕೆಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ. ನಮ್ಮದು ಜೋಳದ ಸೀಮೆ. 300 ಗ್ರಾಂ ಹಿಟ್ಟಿನ ರೊಟ್ಟಿಯಿಂದ ಸಿಗುವುದು 80-85 ಮಿ.ಗ್ರಾಂ ಮಾತ್ರ. ರಾಗಿಯಲ್ಲಿ 100 ಗ್ರಾಂಗೆ 360ರ ಮೇಲಿದೆ, ಆದರೆ ಅದು ಇಲ್ಲಿ ದಿನದ ಊಟವಲ್ಲ. ದೊಡ್ಡ ಬಟ್ಟಲು ಗಟ್ಟಿ ಮೊಸರಿನಿಂದ 240ರಷ್ಟು, 100 ಗ್ರಾಂ ನುಗ್ಗೆ ಎಲೆಯಿಂದ 300, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಮೇಲಿನ 10 ಗ್ರಾಂ ಎಳ್ಳಿನಿಂದ ಸುಮಾರು 120. ಎಳ್ಳಿನ ಸಿಪ್ಪೆಯಲ್ಲಿರುವ ಆಕ್ಸಲೇಟ್ ಎಂಬ ಅಂಶ ಇದರಲ್ಲಿ ಒಂದಿಷ್ಟನ್ನು ಮೈಗೆ ಸಿಗದಂತೆ ಹಿಡಿದುಕೊಳ್ಳುತ್ತದೆ. ಪುಂಡಿ, ರಾಜಗಿರಿಯದೂ ಅದೇ ಕಥೆ. ಊಟದ ಜೊತೆ ಕಚ್ಚುವ ಹಸಿ ಮೆಂತೆ, ಸವತಿಕಾಯಿ, ಉಳ್ಳಾಗಡ್ಡಿಯ ಪೊಟ್ಯಾಸಿಯಂ ಲವಣಗಳು ಮೈಯಲ್ಲಿ ಬೈಕಾರ್ಬೊನೇಟ್ ಆಗುತ್ತವೆ. ನಿಂಬೆಯ ಸಿಟ್ರೇಟೂ ಅಷ್ಟೇ, ನಾಲಿಗೆಗೆ ಹುಳಿ ಎಂದು ಬಿಡಬೇಡಿ. ಪಲ್ಲೆ ಬೇಯಿಸಿದ ನೀರು ಚೆಲ್ಲಿದರೆ ಪೊಟ್ಯಾಸಿಯಂ ಮೋರಿಗೆ ಹೋಗುತ್ತದೆ. ಹೋಳಿಗೆ ದಿನ ಬೇಳೆಯ ಕಟ್ಟು ಬಸಿದು ಸಾರು ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಎಲೆ-ಅಡಿಕೆಯ ಸುಣ್ಣವನ್ನು ಗೋದಿ ಕಾಳಿನಷ್ಟು ಮೊಸರಲ್ಲಿ ಕಲಸಿ ತಿನ್ನುವ ಸಲಹೆಯೂ ಓಡಾಡುತ್ತಿದೆ. ಅಷ್ಟು ಸುಣ್ಣದಲ್ಲಿ ಇರುವುದು ಹತ್ತು-ಹದಿನೈದು ಮಿ.ಗ್ರಾಂ ಕ್ಯಾಲ್ಸಿಯಂ, ಎರಡು ಚಮಚ ಹಾಲಿನಷ್ಟು. ಹೆಚ್ಚಾದರೆ ಬಾಯಿ, ಅನ್ನನಾಳ ಸುಡುತ್ತದೆ.

ಸೋಡಾದ್ದು ಮಾತ್ರ ಅಪಾಯದ ಮಾತು. ಒಂದು ಮಟ್ಟಸ ಟೀ ಚಮಚದಲ್ಲಿ 1,200 ಮಿ.ಗ್ರಾಂ ಮೀರಿದ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 2,000. ಬಿಪಿ, ಹೃದಯದ ತೊಂದರೆ ಇದ್ದವರಿಗೆ ಇದು ನೇರ ಪೆಟ್ಟು. ದಿನವೂ ತಗೊಂಡು ರಕ್ತ ಕ್ಷಾರದತ್ತ ವಾಲಿದರೆ ಪೊಟ್ಯಾಸಿಯಂ ಇಳಿಯುತ್ತದೆ, ಕ್ಯಾಲ್ಸಿಯಂ ಪ್ರೋಟೀನಿಗೆ ಹೆಚ್ಚು ಅಂಟಿಕೊಂಡು ಬಳಕೆಗೆ ಸಿಗುವ ಪಾಲು ತಗ್ಗುತ್ತದೆ, ಬೆರಳು ಜುಮುಗುಡುತ್ತವೆ, ಮೀನಖಂಡ ಸೆಟೆಯುತ್ತವೆ. ಆಗ "ಸುಣ್ಣ ಕಡಿಮೆ ಆಗೈತಿ" ಎಂದು ಸೋಡಾದ ಜೊತೆ ಕ್ಯಾಲ್ಸಿಯಂ ಗುಳಿಗೆ ಸೇರುತ್ತದೆ. ಇವೆರಡೂ ಸೇರಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡುತ್ತದೆ.

ಆಮ್ಲ ಏರಿ ಎಲುಬು ಸವೆಯುವುದು ಸುಳ್ಳೆಂದು ನಾವು ಹೇಳುತ್ತಿಲ್ಲ. ಕಿಡ್ನಿ ಸೋತವರಲ್ಲಿ ಅದು ಆಗುತ್ತದೆ. ರಕ್ತದ ಬೈಕಾರ್ಬೊನೇಟ್ ತೀರಾ ಇಳಿದಿದ್ದರೆ ವೈದ್ಯರು ಅದೇ ಸೋಡಾವನ್ನು ಗುಳಿಗೆ ರೂಪದಲ್ಲಿ ಅಳೆದು ಕೊಡುತ್ತಾರೆ. ಇಂಥವರಿಗೆ ಎಳನೀರು, ಸೊಪ್ಪಿನ ರಸವೂ ಪೊಟ್ಯಾಸಿಯಂ ಏರಿಸಿ ಹೃದಯದ ಬಡಿತಕ್ಕೆ ಕುತ್ತು ತರಬಹುದು. ಕಿಡ್ನಿ ಸರಿಯಿದ್ದವರ ಎಲುಬು ಸವೆಯುವುದಕ್ಕೆ ಕಾರಣ ಬೇರೆಡೆ ಇದೆ: ಮುಟ್ಟು ನಿಂತ ಮೇಲೆ ಇಳಿಯುವ ಈಸ್ಟ್ರೋಜೆನ್, ವಿಟಮಿನ್ ಡಿ ಕೊರತೆ, ಮೈ ಬಗ್ಗಿಸದ ದಿನಚರಿ, ತಂಬಾಕು. ರಕ್ತದ ಕ್ಯಾಲ್ಸಿಯಂ ನಾರ್ಮಲ್ ಬಂದಿದೆ ಎಂದು ಎಲುಬು ಗಟ್ಟಿ ಎನ್ನಲಾಗದು. ಮೈಯ ಕ್ಯಾಲ್ಸಿಯಂನಲ್ಲಿ ಶೇ. 99 ಎಲುಬು-ಹಲ್ಲುಗಳಲ್ಲಿದ್ದು, ರಕ್ತಕ್ಕೆ ಕಡಿಮೆ ಬಿದ್ದಾಗ ಅಲ್ಲಿಂದಲೇ ತೆಗೆಯಲಾಗುತ್ತದೆ. ಸಂಗ್ರಹ ತಿಳಿಯಲು ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕು.

ಶಿಬಿರ ನಡೆಸುವವರು ಸೋಡಾ ಹೇಳುವ ಮುಂಚೆ ಬಿಪಿ ನೋಡಲಿ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ವರದಿ ಕೇಳಲಿ. ಗ್ರಾಮ ಪಂಚಾಯಿತಿಗಳು ಶುದ್ಧ ಕುಡಿಯುವ ನೀರಿನ ಘಟಕದ ಗೋಡೆಗೆ ಮೂಲ ಬೋರಿನ ಮತ್ತು ಶುದ್ಧೀಕರಿಸಿದ ನೀರಿನ ಫ್ಲೋರೈಡ್, ಗಡಸುತನ, ಕ್ಷಾರೀಯತೆಯ ಅಂಕಿಗಳನ್ನು ಪರೀಕ್ಷೆಯ ತಾರೀಖಿನೊಂದಿಗೆ ಬರೆಸಲಿ.

— ಇಬ್ಬರು ನಿಸರ್ಗ ಚಿಕಿತ್ಸಾ ವೈದ್ಯರು, ನವನಗರ, ಬಾಗಲಕೋಟೆ