ಗೆಳೆಯನಿಗೊಂದು ಪತ್ರ: ಬೆಕ್ಕಿನ ಮುಖ ನೋಡು ಮಾರಾಯ

ಸಿದ್ದಾಪುರ, ಕೊಡಗು

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಲ್ಲೇ ಕೂತಿದೆ. “ಬೆಕ್ಕಿಗೆ ನಿಯತ್ತಿಲ್ಲ ಮಾರಾಯ. ಹೊಟ್ಟೆ ತೋರಿಸಿ ಕರೆಯುತ್ತದೆ, ಸವರಲು ಹೋದರೆ ಕಚ್ಚುತ್ತದೆ” ಅಂದೆ. ಆ ಮರಿಯನ್ನು ಬುಟ್ಟಿಯಲ್ಲಿಟ್ಟು ನಿನಗೆ ಕೊಟ್ಟವನು ನಾನು. ಅದರ ಪರವಾಗಿ ನಾಲ್ಕು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಬೆಕ್ಕು ಹೊರಳಿ ಹೊಟ್ಟೆ ತೋರಿಸುವುದು ಹೆಚ್ಚಾಗಿ ನಂಬಿಕೆಯಿಂದ. ನಿನ್ನ ಎದುರು ಹೆದರಿಕೆ ಇಲ್ಲ ಅಂತ ಅರ್ಥ. ಹೊಟ್ಟೆ ಮುಟ್ಟು ಅಂತಲ್ಲ. ಕೆನ್ನೆ, ಗಲ್ಲ, ಕಿವಿಯ ಬುಡ ಕೆರೆದು ನೋಡು, ಬಹಳಷ್ಟು ಬೆಕ್ಕುಗಳಿಗೆ ಅಲ್ಲೇ ಇಷ್ಟ. ಕಚ್ಚುವ ಮೊದಲು ಸಾಮಾನ್ಯವಾಗಿ ಅದು ಹೇಳಿಯೇ ಇರುತ್ತದೆ. ಬಾಲದ ತುದಿ ಪಟಪಟ ಹೊಡೆಯುತ್ತದೆ. ಬೆನ್ನಿನ ಚರ್ಮ ಒಮ್ಮೆ ನಡುಗುತ್ತದೆ. ಕಿವಿ ಪಕ್ಕಕ್ಕೆ ತಿರುಗುತ್ತದೆ. ಆಗಲೂ ಕೈ ತೆಗೆಯದಿದ್ದರೆ ಹಲ್ಲು. ನಿಮ್ಮ ಮನೆಯಲ್ಲಿ ಇಷ್ಟು ವರ್ಷ ನಾಯಿ ಇತ್ತಲ್ವಾ, ಬಾಲ ಅಲ್ಲಾಡಿದರೆ ಖುಷಿ ಅಂತ ನೋಡಿ ನೋಡಿ ನಿನಗೆ ಅಭ್ಯಾಸ. ಬೆಕ್ಕಿನ ಬಾಲ ಬೇರೆ. ಅದರ ಖುಷಿ ನೆಟ್ಟಗೆ ನಿಂತ ಬಾಲದಲ್ಲಿದೆ. ನೀನು ಕೆಲಸ ಮುಗಿಸಿ ಬಾಗಿಲು ತೆಗೆಯುವಾಗ ಗಮನಿಸು.

ಕಳೆದ ತಿಂಗಳು ತೋಟಕ್ಕೆ ಆನೆ ಬಂದು ರಾತ್ರಿಯಿಡೀ ಪಟಾಕಿ ಹೊಡೆದರು. ನಮ್ಮ ಬೆಕ್ಕು ಕೆಂಚ ಮಂಚದಡಿ ಸೇರಿದ. ಬಗ್ಗಿ ನೋಡಿದರೆ ಕಿವಿ ತಲೆಗೆ ಅಂಟಿಕೊಂಡಿತ್ತು, ಬಾಲ ಮೈಗೆ ಸುತ್ತಿಕೊಂಡಿತ್ತು, ಕಣ್ಣು ತುಂಬಾ ಬರೀ ಕಪ್ಪು ಪಾಪೆ. ಪಾಪೆ ಕತ್ತಲಲ್ಲೂ ಹಿಗ್ಗುತ್ತದೆ, ಆಟದಲ್ಲೂ ಹಿಗ್ಗುತ್ತದೆ. ಹಾಗಾಗಿ ಒಂದನ್ನೇ ನೋಡಬಾರದು, ಇಡೀ ಮೈ ನೋಡಬೇಕು. ಅಂಥ ಹೊತ್ತಲ್ಲಿ ಎಳೆದು ಎತ್ತಿಕೊಳ್ಳಲೂಬಾರದು. ನೀರಿಟ್ಟು ದೂರ ಮಲಗಿದೆ. ಬೆಳಗಾದ ಮೇಲೆ ತಾನೇ ಬಂದ.

ಇದೆಲ್ಲ ನನಗೆ ಮೊದಲಿಂದ ಗೊತ್ತಿತ್ತು ಅಂದುಕೊಳ್ಳಬೇಡ. ನಾನು ಕಲಿತದ್ದು ಹೋದ ವರ್ಷ, ಕೆಂಚನನ್ನು ಇನ್ನೇನು ಕಳೆದುಕೊಳ್ಳುವ ಹಾಗಾದಾಗ.

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ. ಮೂರು ದಿನದಿಂದ ಕರೆಂಟಿಲ್ಲ. ಕೆಂಚ ಬಚ್ಚಲು ಒಲೆಯ ಪಕ್ಕ ಮುದುಡಿ ಕೂತಿದ್ದ. ಚಳಿಗೆ ಅಂದುಕೊಂಡೆ. ತೊಡೆಯ ಮೇಲೆ ಹಾಕಿಕೊಂಡರೆ ಗುರ್ ಗುರ್ ಅಂದ. ಸುಖವಾಗಿದ್ದಾನೆ ಅಂತ ನಾನೂ ಸುಮ್ನೆ ಇದ್ದುಬಿಟ್ಟೆ. ಆ ಸಂಜೆ ಒಲೆಯ ಬೂದಿಯಲ್ಲಿ ಮೂರು ಸಲ ಹೋಗಿ ಕೂತು ಎದ್ದು ಬಂದಿದ್ದ. ಬೂದಿ ಒದ್ದೆಯಾಗಿರಲಿಲ್ಲ. ಅದನ್ನು ಕಣ್ಣಾರೆ ಕಂಡಿದ್ದೆ.

ಬೆಳಿಗ್ಗೆ ವಾಂತಿ ಮಾಡಿದ. ಕೆಳಹೊಟ್ಟೆ ಕಲ್ಲಿನ ಹಾಗಾಗಿತ್ತು. ತರಕಾರಿ ಬುಟ್ಟಿಗೆ ಗೋಣಿ ಹಾಸಿ, ಮೇಲೆ ಟವೆಲ್ ಕಟ್ಟಿ, ಜೀಪಿನಲ್ಲಿ ವಿರಾಜಪೇಟೆಗೆ ಕೊಂಡುಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, “ಮೂತ್ರ ಮಾಡಿ ಎಷ್ಟು ಹೊತ್ತಾಯಿತು?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಪೂರ. ಅದು ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಅರಿವಳಿಕೆ ಕೊಟ್ಟು, ಸಣ್ಣ ನಳಿಕೆ ಹಾಕಿ ಮೂತ್ರ ತೆಗೆದರು. ಕೆಂಚ ಉಳಿದ.

ವಾರ ಕಳೆದು ಫೋನ್ ತೆಗೆದರೆ ಆ ಸಂಜೆಯ ಫೋಟೋ ಸಿಕ್ಕಿತು. ಒಲೆಯ ಬೆಳಕಲ್ಲಿ ಚಂದ ಕಾಣುತ್ತಾನೆ ಅಂತ ನಾನೇ ತೆಗೆದದ್ದು. ಬೆಕ್ಕು ನೋವಾದಾಗಲೂ ಗುರುಗುಡುತ್ತದೆ ಅನ್ನುವುದು ಅಷ್ಟರಲ್ಲಿ ಗೊತ್ತಾಗಿತ್ತು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದ್ದಾರೆ. ಕಿವಿ, ಕಣ್ಣು, ಮೂತಿ, ಮೀಸೆ, ತಲೆ, ಈ ಐದಕ್ಕೆ ಸೊನ್ನೆಯಿಂದ 2ರವರೆಗೆ ಅಂಕ. ಒಟ್ಟು 10ರಲ್ಲಿ 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿಗೆ ಔಷಧಿ ಬೇಕಾಗಬಹುದು ಅಂತ ಲೆಕ್ಕ. ಅದನ್ನು ಓದಿಕೊಂಡು ಫೋಟೋ ದೊಡ್ಡದು ಮಾಡಿದೆ. ಕಿವಿಗಳು ಒಂದರಿಂದೊಂದು ದೂರ ಸರಿದು ಹೊರಗೆ ತಿರುಗಿದ್ದವು. ಕಣ್ಣು ಅರೆಮುಚ್ಚಿತ್ತು, ನಿದ್ದೆಯಿಂದಲ್ಲ, ಬಿಗಿಯಿಂದ. ದುಂಡಗಿರುವ ಮೂತಿ ಚಪ್ಪಟೆ. ಇಳಿಬಿದ್ದಿರಬೇಕಾದ ಮೀಸೆ ತಂತಿಯ ಹಾಗೆ ಮುಂದಕ್ಕೆ ಚಾಚಿತ್ತು. ತಲೆ ಹೆಗಲಿಗಿಂತ ಕೆಳಗಿತ್ತು. ಎಲ್ಲ ಹೇಳಿದ್ದ ಮಾರಾಯ. ಒಂದು ಸಲವೂ ಕೂಗದೆ ಎಲ್ಲ ಹೇಳಿದ್ದ.

ನಿನ್ನದೂ ಗಂಡು ಮರಿ. ಮೂತ್ರಕ್ಕೆ ಎಲ್ಲಿ ಹೋಗುತ್ತದೆ, ಎಷ್ಟು ಸಲ ಹೋಗುತ್ತದೆ ದಿನಾ ನೋಡು. ನೋವು ಅನಿಸಿದರೆ ನೇರ ಡಾಕ್ಟರ ಹತ್ತಿರ ಹೋಗು. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಯಾವ ಕಾರಣಕ್ಕೂ ಕೊಡಬೇಡ, ಬೆಕ್ಕಿಗೆ ಅದು ವಿಷ.

ಇನ್ನೊಂದು ವಿಷಯ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತ ಗಾದೆ ಮಾಡಿದವರು ನಾವು. ಅದು ನಮ್ಮ ಮುಖ ನೋಡುತ್ತಾ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುವುದನ್ನು ಮಾತ್ರ ಗಮನಿಸಲೇ ಇಲ್ಲ. ಅದು ನಂಬಿಕೆಯ ಮಾತು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಮನುಷ್ಯರು ಹಾಗೆ ಕಣ್ಣು ಮಿಟುಕಿಸಿದರೆ ಬೆಕ್ಕುಗಳೂ ತಿರುಗಿ ಮಿಟುಕಿಸುವುದು ಜಾಸ್ತಿ, ಗುರುತಿಲ್ಲದವರ ಕೈ ಹತ್ತಿರ ಬರುವುದೂ ಜಾಸ್ತಿಯಂತೆ. ಇವತ್ತು ರಾತ್ರಿ ನೆಲದ ಮೇಲೆ ಕೂತು ನೀನೂ ಮಾಡಿ ನೋಡು. ದಿಟ್ಟಿಸಬೇಡ. ಕಣ್ಣು ಸಣ್ಣ ಮಾಡು, ಮುಚ್ಚು, ನಿಧಾನಕ್ಕೆ ತೆರೆ.

ಮತ್ತೆ ಮರಿಯ ಫೋಟೋ ಒಂದು ಕಳಿಸು. ಮೇಲಿಂದ ತೆಗೆಯಬೇಡ, ಅದರ ಎದುರೇ ಕೂತು ತೆಗೆ. ಕಿವಿ, ಮೀಸೆ ಎರಡೂ ಕಾಣಬೇಕು.

ನಿನ್ನ,
ಕೆಂಚನ ಮನೆಯವನು